ಹನ್ನೊಂದು ನಲವತ್ತೇಳನೇ ಬಿಲ್ಲೆ

ಬಂಗಾರಪೇಟೆಯಿಂದ ಬೆಳಗಿನ ಮೊದಲ ರೈಲಿಗೆ ಹೊರಟೆ. ಬೆಂಗಳೂರಿನಲ್ಲಿ ಇಳಿದು ಶಿವಮೊಗ್ಗದ ರೈಲು ಹತ್ತುವಷ್ಟರಲ್ಲಿ ಡಬ್ಬಿಯಲ್ಲಿದ್ದ ಚಿತ್ರಾನ್ನ ತಣ್ಣಗಾಗಿತ್ತು. ಟಿಕೆಟ್ಟಿಗೆ ನೂರ ಚಿಲ್ಲರೆ ರೂಪಾಯಿ, ಕಿಟಕಿ ಪಕ್ಕದ ಸೀಟು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ತಾತನ ಒಂದೇ ಒಂದು ಫೋಟೊ ಮತ್ತು ಗಣಿಯವರು ಅವರಿಗೆ ಕೊಟ್ಟಿದ್ದ ಅಕ್ಕಿ ಚೀಟಿ. ಹೊರಡುವಾಗ ಬಾಗಿಲಿಗೆ ಬಂದ ಅಮ್ಮ ಹುಷಾರು ಅನ್ನಲಿಲ್ಲ, ಬೇಗ ಬಾ ಅನ್ನಲಿಲ್ಲ. "ಲಲಿತಾ, ಏನಿದ್ರೂ ಇದ್ದಂಗೆ ಹೇಳು. ಸುತ್ತಿ ಬಳಸಿ ಹೇಳ್ಬೇಡ" ಎಂದಳು. ಅಮ್ಮನಿಗೆ ಈಗ ಎಂಬತ್ತು. ಅವಳು ನಾಲ್ಕು ವರ್ಷದವಳಿದ್ದಾಗ ಅವಳ ಅಪ್ಪ ಮನೆಯಿಂದ ಹೋದವರು ವಾಪಸ್ ಬರಲಿಲ್ಲ. ಸತ್ತರೋ, ಹೆಂಡತಿ ಮಗಳನ್ನು ಬಿಟ್ಟು ಓಡಿಹೋದರೋ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ.

ನಮ್ಮ ಮುತ್ತಾತ ಚಿತ್ತೂರು ಕಡೆಯ ಒಂದು ಹಳ್ಳಿಯಿಂದ ಕಾಲ್ನಡಿಗೆಯಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದವರು. ಅವರ ಮಗ, ಅಂದರೆ ನನ್ನ ತಾತ ನಾರಾಯಣಪ್ಪ, ಮೀಸೆ ಮೂಡುವ ಮೊದಲೇ ಗಣಿಗೆ ಇಳಿದವರು. ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆ ಒಂದಿತ್ತು. ಇಳಿಯುವಾಗ ಅದನ್ನು ಟೈಮ್ ಆಫೀಸಿನಲ್ಲಿ ಕೊಡಬೇಕು, ಅವರು ಹಲಗೆಯ ಮೊಳೆಗೆ ತೂಗುಹಾಕುತ್ತಾರೆ. ಮೇಲೆ ಬಂದಮೇಲೆ ವಾಪಸ್ ತೆಗೆದುಕೊಳ್ಳಬೇಕು. ಹಲಗೆಯ ಮೇಲೆ ಬಿಲ್ಲೆ ಇದ್ದರೆ ಮನುಷ್ಯ ಕೆಳಗಿದ್ದಾನೆ ಎಂದು ಲೆಕ್ಕ, ಇಲ್ಲದಿದ್ದರೆ ಅವನು ಇಳಿದೇ ಇಲ್ಲ ಎಂದು ಲೆಕ್ಕ. ತಾತನ ನಂಬರು 1147. ನಮ್ಮ ಮನೆಯಲ್ಲಿ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತಿದ್ದದ್ದು ಈ ನಂಬರು.

ಒಂದು ಶಿವರಾತ್ರಿಯ ಮರುದಿನ ಕೆಳಗೆ ಬಂಡೆ ಸಿಡಿಯಿತು. ಆ ಜಾಗದಲ್ಲಿದ್ದ ಇಬ್ಬರ ಶವ ಮೇಲೆ ಬಂತು. ಅಂದು ತಾತನಿಗೆ ರಜೆ. ಆದರೂ ಅಜ್ಜಿಯ ಕೈಯಲ್ಲಿ ಡಬ್ಬಿಗೆ ಮುದ್ದೆ ಸಾರು ಹಾಕಿಸಿಕೊಂಡು, "ಒಬ್ರಿಗೆ ಮಾತು ಕೊಟ್ಟಿದ್ದೀನಿ" ಎಂದಷ್ಟೇ ಹೇಳಿ ಹೋಗಿದ್ದರು. ಯಾರಿಗೆ, ಏನು ಮಾತು ಎಂದು ಹೇಳಿರಲಿಲ್ಲ. ಅಜ್ಜಿ ಟೈಮ್ ಆಫೀಸಿನ ಮುಂದೆ ಮೂರು ದಿನ ಕೂತಳು. ಹಲಗೆಯ ಮೇಲೆ 1147ರ ಮೊಳೆ ಖಾಲಿ ಇತ್ತು. ನಿನ್ನ ಗಂಡ ಇಳಿದೇ ಇಲ್ಲವಲ್ಲಮ್ಮ, ಏನೆಂದು ಹುಡುಕೋಣ ಎಂದರು ಆಫೀಸಿನವರು. ಆಗ ನಮ್ಮ ಲೈನಿನಿಂದ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಿಂದ, ಜನ ಭದ್ರಾವತಿಯ ಕಬ್ಬಿಣದ ಕೆಲಸಕ್ಕೆ ಹೋಗುತ್ತಿದ್ದ ಕಾಲ. ನಾರಾಯಣಪ್ಪನೂ ಅಲ್ಲಿಗೇ ಓಡಿಹೋಗಿದ್ದಾನೆ, ಬೇರೆ ಸಂಸಾರ ಮಾಡಿದ್ದಾನೆ ಎಂದು ನಲ್ಲಿಯ ಹತ್ತಿರ ಮಾತು ಶುರುವಾಯಿತು. ಅಜ್ಜಿ ತಾನೇ ತಾಳಿ ತೆಗೆದಿಟ್ಟಳು, ಪ್ರತಿ ಶಿವರಾತ್ರಿಯ ಮರುದಿನ ತಿಥಿ ಮಾಡಿಸಿದಳು. "ಓಡಿ ಹೋಗೋನು ಮುದ್ದೆ ಕಟ್ಟಿಸ್ಕೊಂಡು ಹೋಗ್ತಾನಾ?" ಎಂಬುದು ಸಾಯುವತನಕ ಅವಳ ವಾದ. ಊರು ಒಪ್ಪಲಿಲ್ಲ. ಅಮ್ಮ ಎಷ್ಟು ಒಪ್ಪಿದ್ದಳೋ ನನಗೆ ಗೊತ್ತಿಲ್ಲ.

ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಲೈನಿನ ಮಕ್ಕಳೆಲ್ಲ ದಿಕ್ಕಿಗೊಬ್ಬರಂತೆ ಹೋಗಿ ಈಗ ವಾಟ್ಸಾಪಿನಲ್ಲಿ ಮಾತ್ರ ಒಂದೇ ಊರಿನವರು. ಆಯುಧಪೂಜೆಯ ವಾರದಲ್ಲಿ ಆ ಗುಂಪಿಗೆ ಯಾರೋ ಒಂದು ಫೋಟೊ ಹಾಕಿದರು: ಶಿವಮೊಗ್ಗದ ಕೋಟೆ ರಸ್ತೆಯ ಕಲಾಯಿ ಅಂಗಡಿಯಲ್ಲಿ ಕಂಡದ್ದು, ನಮ್ಮ ಗಣಿಯ ಬಿಲ್ಲೆ ನೋಡಿ. ನಾನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದಳು. 1147. "ಹಂಗಾದ್ರೆ ಲೈನಿನವರು ಹೇಳಿದ್ದು ನಿಜಾನೇ" ಎಂದಳು. ಮಾರನೆಯ ದಿನ ನಾನು ಆಸ್ಪತ್ರೆಗೆ ರಜೆ ಹಾಕಿದೆ. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುವುದು ನನ್ನ ಕೆಲಸ. ಬಂದದ್ದನ್ನು ಬರೆಯುವುದು, ಬಾರದ್ದನ್ನು ಬರೆಯದಿರುವುದು ಇಪ್ಪತ್ತೆಂಟು ವರ್ಷದ ಅಭ್ಯಾಸ.

ರೈಲು ಭದ್ರಾವತಿಯಲ್ಲಿ ಎರಡು ನಿಮಿಷ ನಿಂತಿತು. ಇಳಿಯಲಿಲ್ಲ, ನನ್ನ ಹತ್ತಿರ ಇದ್ದದ್ದು ಶಿವಮೊಗ್ಗದ ಅಂಗಡಿಯ ವಿಳಾಸ ಮಾತ್ರ. ಪ್ಲಾಟ್‌ಫಾರ್ಮಿನ ಮೇಲೆ ನಡೆಯುತ್ತಿದ್ದ ವಯಸ್ಸಾದವರ ಮುಖಗಳಲ್ಲಿ ತಾತನ ಮೂಗು ಇದೆಯೇ ಎಂದು ಹುಡುಕುತ್ತಿದ್ದೇನೆ ಎಂದು ಗೊತ್ತಾದಾಗ ನನ್ನ ಮೇಲೆ ನನಗೇ ನಗು ಬಂತು. ಇದ್ದಿದ್ದರೆ ಅವರಿಗೆ ನೂರು ದಾಟಿರುತ್ತಿತ್ತು.

ಶಿವಮೊಗ್ಗದಲ್ಲಿ ಮೋಡ ಇತ್ತು, ಮಳೆ ಇರಲಿಲ್ಲ. ನಿಲ್ದಾಣದಿಂದ ಕೋಟೆಗೆ ಆಟೋದವನು ಎಂಬತ್ತು ಕೇಳಿ ಅರವತ್ತಕ್ಕೆ ಒಪ್ಪಿದ. ಹೂವು, ಕುಂಕುಮ, ತೆಂಗಿನಕಾಯಿ ಅಂಗಡಿಗಳ ಸಾಲು ಮುಗಿದ ಮೇಲೆ ಒಂದು ಕಿರಿದಾದ ಮಳಿಗೆ. ಒಳಗೆ ಹಂಡೆ, ಕೊಳಗ, ದೀಪದ ಕಂಬಗಳ ನಡುವೆ ಅಮೀರ್ ಸಾಬ್ ಕೂತಿದ್ದರು. ಅರವತ್ತು ದಾಟಿದ ಮನುಷ್ಯ, ಬೆರಳ ತುದಿಗಳೆಲ್ಲ ಕಪ್ಪು. ಫೋನಿನಲ್ಲಿ ಫೋಟೊ ತೋರಿಸಿದೆ.

"ಇದು ನಾನೇ ಉಜ್ಜಿದ್ದು ಅಮ್ಮ. ಯಾಕೆ, ಏನಾದ್ರೂ ಲಫಡಾ ಇದ್ಯಾ?" ಎಂದು ಕೇಳಿದರು.

ಇಲ್ಲ, ಯಾರದೆಂದು ತಿಳಿಯಬೇಕಿತ್ತು ಎಂದೆ.

"ಭದ್ರಾವತಿ ಪಾರ್ವತಮ್ಮನವರದ್ದು. ನಮ್ಮ ಅಬ್ಬಾ ಅಲ್ಲಿ ಕ್ವಾರ್ಟರ್ಸ್‌ಗಳಲ್ಲಿ ಸೈಕಲ್ ಮೇಲೆ ಕಲಾಯಿ ಹಾಕ್ಕೊಂಡ್ ಬರೋರು. ಆವಾಗಿಂದ್ಲೂ ನಮ್ಮ ಹತ್ರಾನೇ ಕೊಡ್ತಾರೆ. ಆಯುಧಪೂಜೆಗೆ ಎಂಟು ದಿನ ಮುಂಚೆ ಮಗ ತಂದು ಕೊಡ್ತಾನೆ. ಅವರಪ್ಪನ ನಂಬರಂತೆ, ಪೂಜೆಗಿಡ್ತಾರೆ. ಮೆಷಿನ್ ಹಚ್ಚಬೇಡ ಅಂತ ಅಬ್ಬಾ ಹೇಳಿದ್ರು. ಹಚ್ಚಿದ್ರೆ ಇಷ್ಟೊತ್ತಿಗೆ ನಂಬರ್ ಸವೆದು ಖಲಾಸ್. ನಾನು ಹುಣಸೆಹಣ್ಣಲ್ಲೇ ಉಜ್ಜೋದು."

ಅವರಪ್ಪನ ನಂಬರು. ಲ್ಯಾಬಿನಲ್ಲಿ ಪರಿಚಯದವರ ರಿಪೋರ್ಟು ಕೆಟ್ಟದಾಗಿ ಬಂದಾಗ ಓದುವ ಹಾಗೆ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. ಮನೆ ಎಲ್ಲಿ ಎಂದು ಕೇಳಿದೆ. "ಹಳೇ ಕ್ವಾರ್ಟರ್ಸ್ ಹಿಂದಿನ ಓಣಿ. ವಿಳಾಸ ಯಾಕೆ ಅಮ್ಮ, ಸ್ಟ್ಯಾಂಡಲ್ಲಿ ಹನ್ನೊಂದು ನಲವತ್ತೇಳು ಆಟೋ ಎಲ್ಲಿ ಅಂತ ಕೇಳಿ. ಮಗ ಆಟೋಗೂ ಅದೇ ನಂಬರ್ ಹಾಕಿಸ್ಕೊಂಡಿದ್ದಾನೆ" ಎಂದರು. ಚಹಾ ತರಿಸಿದರು. ಕುಡಿದು, ಹತ್ತಿರದಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆ. ಸಂಜೆ ಗಾಂಧಿ ಬಜಾರಿನ ಗಾಡಿಯಲ್ಲಿ ಖಾರ ಮಂಡಕ್ಕಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅನುಕೂಲವೇ ಆಯಿತು. ಅಮ್ಮನಿಗೆ ಫೋನ್ ಮಾಡಿ ಅಂಗಡಿ ಸಿಕ್ಕಿದೆ ಎಂದಷ್ಟೇ ಹೇಳಿದೆ.

ಎರಡನೆಯ ದಿನ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿ ಅಭ್ಯಾಸಬಲದಿಂದ ಆಧಾರ್ ಕಾರ್ಡು ತೋರಿಸಿದೆ. "ಇದು ಪ್ರೈವೇಟು ಮಾರಾಯ್ತಿ, ಇಲ್ಲಿ ಗಾಂಧಿ ಫೋಟೊ ಇರೋ ಕಾರ್ಡೇ ಬೇಕು" ಎಂದು ಕಂಡಕ್ಟರ್ ಕೈ ಚಾಚಿದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕು ಮೂವತ್ತು ರೂಪಾಯಿ ಕೊಟ್ಟೆ. ಮಲವಗೊಪ್ಪದಲ್ಲಿ ಡ್ಯೂಟಿಗೆ ಹೋಗುವ ಹೆಂಗಸರು ಹತ್ತಿದರು. ಇಪ್ಪತ್ತು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಭದ್ರಾ ನದಿಯ ಸೇತುವೆ ದಾಟುವಾಗ ಕಾರ್ಖಾನೆಯ ಚಿಮಣಿಗಳು ಕಂಡವು. ಹಿಂದಿನ ಸೀಟಿನಲ್ಲಿ ಇಬ್ಬರು ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಜಗಳ ಮುಗಿಸಿದರು. ನಮ್ಮ ಲೈನಿನಲ್ಲೂ ಹೀಗೇ ಇತ್ತು.

ಸ್ಟ್ಯಾಂಡಿನಲ್ಲಿ ಕೇಳಿದ ಎರಡನೆಯವನೇ 1147ರ ಯಜಮಾನ. ಹೆಸರು ಸೆಲ್ವ, ನಲವತ್ತೈದರ ಆಸುಪಾಸು. ನಿಮ್ಮ ಅಮ್ಮನನ್ನು ನೋಡಬೇಕು, ನಾವೂ ಗಣಿಯ ಕಡೆಯವರು ಎಂದೆ. ಅವನ ಮುಖ ಅರಳಿತು. "ಹತ್ತಿ ಅಕ್ಕ. ಚಾರ್ಜು ಕೇಳಿದ್ರೆ ಅಮ್ಮ ನನ್ನ ಚರ್ಮ ಸುಲೀತಾಳೆ" ಎಂದ.

ಮೂರು ಕೋಣೆಯ ಮನೆ, ಅಂಗಳದಲ್ಲಿ ಕನಕಾಂಬರ. ಒಳಗೆ ಕಾಲಿಟ್ಟವಳೇ ಗೋಡೆ ನೋಡಿದೆ. ಕಾರ್ಖಾನೆಯ ಖಾಕಿ ಅಂಗಿ ತೊಟ್ಟ ಒಬ್ಬರ ದೊಡ್ಡ ಫೋಟೊ, ಹಾರ ಹಾಕಿತ್ತು. ಅಗಲ ಮುಖ, ದೊಡ್ಡ ಕಿವಿ, ಚಪ್ಪಟೆ ಮೂಗು. ನನ್ನ ತಾತನದು ಗಿಳಿಮೂಗು, ಕೋಲುಮುಖ. ಎಷ್ಟು ವಯಸ್ಸಾದರೂ ಆ ಮುಖ ಈ ಮುಖವಾಗುವುದಿಲ್ಲ. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ.

ಪಾರ್ವತಮ್ಮನವರಿಗೆ ಎಪ್ಪತ್ತಾರು. ಸಣ್ಣಗೆ, ಚುರುಕಾಗಿದ್ದರು. ನೀರು ಕೊಟ್ಟು, "ನಮ್ಮಪ್ಪ ಆರುಮುಗಂ. ಗಣಿಯಿಂದ ಇಲ್ಲಿಗೆ ಬಂದು ರಿಟೈರ್ ಆಗೋವರ್ಗೂ ಕುಲುಮೆ ಹತ್ರ ದುಡಿದ್ರು" ಎಂದರು. ದೇವರ ಗೂಡಿನಿಂದ ಬಿಲ್ಲೆ ತಂದು ನನ್ನ ಅಂಗೈಯಲ್ಲಿಟ್ಟರು. ರೂಪಾಯಿಗಿಂತ ದೊಡ್ಡದು, ಮೇಲೆ ಒಂದು ತೂತು, ಕುಂಕುಮದ ಕೆಳಗೆ ನಂಬರು. ನಾನು ಅಕ್ಕಿ ಚೀಟಿ ತೆಗೆದು ಅವರ ಮುಂದಿಟ್ಟೆ. ಹೆಸರು: ನಾರಾಯಣಪ್ಪ. ನಂಬರು: 1147.

ಮೊದಲು ಓದಿದ್ದು ಸೆಲ್ವ. ಅವನ ಮುಖ ಬಿಗಿಯಿತು. "ಏನಕ್ಕ ಇದು? ನಮ್ಮ ತಾತ ಕದ್ಕೊಂಡ್ ಬಂದ್ರು ಅಂತೀರಾ?"

"ನಾನು ಏನೂ ಅಂತಿಲ್ಲಪ್ಪ. ಇದು ನಮ್ಮ ತಾತನ ನಂಬರು. ಇಲ್ಲಿಗೆ ಹೇಗೆ ಬಂತು ಅಂತ ನಮ್ಮಮ್ಮನಿಗೆ ಗೊತ್ತಾಗ್ಬೇಕು, ಅಷ್ಟೇ. ಅವರಪ್ಪ ಓಡಿಹೋಗಿದ್ದಾರೆ ಅಂತ ಎಪ್ಪತ್ತಾರು ವರ್ಷದಿಂದ ಕೇಳಿಸ್ಕೊಂಡಿದ್ದಾಳೆ."

"ಎಷ್ಟು ವರ್ಷ?" ಎಂದರು ಪಾರ್ವತಮ್ಮ.

"ಎಪ್ಪತ್ತಾರು. ಶಿವರಾತ್ರಿ ಮರುದಿನ ಹೋದವರು."

ಪಾರ್ವತಮ್ಮ ಮಗನ ತೋಳು ಹಿಡಿದು ನೆಲದ ಮೇಲೆ ಕೂತರು. ಆಮೇಲೆ, "ನಾನು ಹುಟ್ಟಿದ್ದೇ ಶಿವರಾತ್ರಿ ಮರುದಿನ, ಅಲ್ಲೇ ಗಣಿ ಲೈನಲ್ಲಿ" ಎಂದರು.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಅಮ್ಮನಿಗೆ ನೋವು ಜಾಸ್ತಿ ಇತ್ತಂತೆ, ಬದುಕೋ ಹಾಗಿರ್ಲಿಲ್ಲ ಅಂತೆ. ಅಪ್ಪನಿಗೆ ಅವತ್ತು ಡ್ಯೂಟಿ. ರಜಾ ಕೇಳಿದ್ರೆ ಕೊಡ್ಲಿಲ್ಲ. ಅವರ ಬದ್ಲು ಯಾರೋ ಅಣ್ಣ ಇಳಿದ್ರಂತೆ. ಅಷ್ಟು ಅಮ್ಮ ಹೇಳಿದ್ದಾಳೆ. ಆ ಅಣ್ಣನ ಹೆಸರು ಕೇಳಿದ್ರೆ ಬಾಯಿ ಬಿಡ್ತಿರ್ಲಿಲ್ಲ. ನಂಗೆ ಹನ್ನೊಂದು ದಿನ ತುಂಬೋಕ್ ಮುಂಚೇನೇ ಹಸಿ ಬಾಣಂತೀನ ಕರ್ಕೊಂಡು ಅಪ್ಪ ಈ ಊರಿಗೆ ಬಂದ್ಬಿಟ್ರಂತೆ. ಯಾಕೆ ಅಷ್ಟು ಅವಸರ ಅಂತ ನಾವ್ ಯಾರೂ ಕೇಳಲಿಲ್ಲ."

ಬದಲಿ ಇಳಿಯುವುದು ಗಣಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು. ಲೈನಿನಲ್ಲಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. ಬದಲಿ ಇಳಿಯುವವನು ಗೆಳೆಯನ ಬಿಲ್ಲೆಯನ್ನು ಆಫೀಸಿನಲ್ಲಿ ಕೊಟ್ಟು, ಗೆಳೆಯನ ಹೆಸರಿನಲ್ಲಿ ಇಳಿಯುತ್ತಾನೆ. ಸ್ವಂತ ಬಿಲ್ಲೆಯನ್ನು ಗೆಳೆಯನ ಹತ್ತಿರ ಬಿಟ್ಟು ಹೋಗುತ್ತಾನೆ, ಯಾಕೆಂದರೆ ಚಿನ್ನದ ಗಣಿಯಲ್ಲಿ ಗೇಟಿನಲ್ಲಿ ಜೇಬು ತಡಕುತ್ತಾರೆ. ಜೇಬಿನಲ್ಲಿ ಇನ್ನೊಂದು ಬಿಲ್ಲೆ ಸಿಕ್ಕರೆ ಇಬ್ಬರ ಕೆಲಸವೂ ಹೋಯಿತು. ಹಾಗೆ ನನ್ನ ತಾತ ರಜೆಯ ದಿನ ಆರುಮುಗಂ ಹೆಸರಿನಲ್ಲಿ ಇಳಿದರು, 1147 ಆರುಮುಗಂ ಕೈಯಲ್ಲಿ ಉಳಿಯಿತು.

ಇನ್ನುಳಿದದ್ದು ನನ್ನ ಊಹೆ. ಬಂಡೆ ಸಿಡಿದ ಮೇಲೆ ಹಲಗೆಯ ಮೇಲೆ ಆರುಮುಗಂ ಬಿಲ್ಲೆ ಉಳಿದಿತ್ತು. ಆರುಮುಗಂ ಸಿಕ್ಕಿಬೀಳುವ ಭಯಕ್ಕೆ ಹೋಗಿ, ನಾನು ಮೊದಲೇ ಮೇಲೆ ಬಂದಿದ್ದೆ, ಬಿಲ್ಲೆ ತೆಗೆದುಕೊಳ್ಳುವುದು ಮರೆತಿದ್ದೆ ಎಂದು ಹೇಳಿರಬೇಕು. ಅಲ್ಲಿಗೆ ಲೆಕ್ಕ ಸರಿಹೋಯಿತು. ಕೆಳಗೆ ಇನ್ನೊಬ್ಬನಿದ್ದಾನೆ ಎಂದು ಯಾರಿಗೂ ಗೊತ್ತಾಗಲಿಲ್ಲ, ಯಾರೂ ಹುಡುಕಲಿಲ್ಲ. ತಾತ ಸಿಡಿದ ಕ್ಷಣದಲ್ಲೇ ಸತ್ತರೋ, ಕಾದು ಸತ್ತರೋ ಇನ್ನು ತಿಳಿಯುವುದಿಲ್ಲ. ಇದನ್ನು ನಾನು ಜೋರಾಗಿಯೇ ಹೇಳಿದೆ. ಸೆಲ್ವ ತಲೆ ತಗ್ಗಿಸಿ ಹೊರಗೆ ಹೋಗಿ ಆಟೋದಲ್ಲಿ ಕೂತ.

ಪಾರ್ವತಮ್ಮ ಅಳುತ್ತಿರಲಿಲ್ಲ. ಅವರ ಯೋಚನೆ ಇನ್ನೆಲ್ಲೋ ಇತ್ತು. "ಶಿವರಾತ್ರಿ ದಿನ ಎಲ್ಲಾರೂ ಉಪವಾಸ ಇರ್ತಾರೆ, ಮರುದಿನ ಊಟ ಮಾಡ್ತಾರೆ. ನಮ್ಮಪ್ಪ ಮರುದಿನಾನೂ ಒಂದು ತುತ್ತು ತಿಂತಿರ್ಲಿಲ್ಲ ಕಣಮ್ಮ. ನಾನು ಹುಟ್ಟಿದ ದಿನ ಅಲ್ವಾ ಅದು? ಮೊದಲನೇದು ಹೆಣ್ಣಾಯ್ತು ಅಂತ ಅಪ್ಪನಿಗೆ ಸಂಕಟ, ಅದಕ್ಕೇ ತಿನ್ನಲ್ಲ ಅಂತ ಓಣಿಯಲ್ಲಿ ಯಾರೋ ಅಂದಿದ್ರು. ನಂಗಾಗ ಏಳೋ ಎಂಟೋ. ಅವರು ಸಾಯೋತನ್ಕ ನಾನು ಹಾಗೇ ಅಂದ್ಕೊಂಡಿದ್ದೆ. ಇವತ್ತಿನ ತನ್ಕ ಹಾಗೇ ಅಂದ್ಕೊಂಡಿದ್ದೆ" ಎಂದರು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಅವಳು ಹೇಳಿದ್ದ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಅವಳದು ಒಂದೇ ಪ್ರಶ್ನೆ: "ಓಡಿ ಹೋಗ್ಲಿಲ್ಲ, ಅಲ್ವಾ?" ಇಲ್ಲಮ್ಮ ಎಂದೆ. ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು. ಒಂದೆರಡು ನಿಮಿಷದ ಮೇಲೆ ಉಳಿದದ್ದು ಅರ್ಥವಾಗಿರಬೇಕು. "ಆ ಮನುಷ್ಯ ಒಂದು ಮಾತು ಬಾಯಿ ಬಿಟ್ಟಿದ್ರೆ ಹುಡುಕ್ತಿದ್ರು. ನಮ್ಮಮ್ಮ ಮೂರು ದಿನ ಅಲ್ಲೇ ಕೂತಿದ್ಲು. ಅವರ ಮನೇಲಿ ನೀನು ನೀರೂ ಕುಡೀಬೇಡ, ಎದ್ದು ಬಾ" ಎಂದು ಇಟ್ಟುಬಿಟ್ಟಳು. ಫೋನಿನ ದನಿ ಜೋರಾಗಿತ್ತು. ಪಾರ್ವತಮ್ಮನಿಗೆ ಎಲ್ಲ ಕೇಳಿಸಿತ್ತು.

ನೀರು ಆಗಲೇ ಕುಡಿದಿದ್ದೆ. ಏಳುವಾಗ ಪಾರ್ವತಮ್ಮ ಬಿಲ್ಲೆಯನ್ನು ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ನಮ್ಮದಲ್ಲ ಅಂದ್ಮೇಲೆ ಹೇಗಮ್ಮ ಇಟ್ಕೊಳ್ಳೋದು" ಎಂದರು. ಸೆಲ್ವ ನನ್ನನ್ನು ಸ್ಟೇಷನ್ನಿಗೆ ಬಿಟ್ಟ. ನಾನು ಇಳಿಯುವಾಗ ಕೇಳಿದ: "ಬಿಲ್ಲೆ ಕೊಟ್ವಿ ಅಕ್ಕ, ಸರಿ. ಆಟೋ ನಂಬರ್ ಏನ್ ಮಾಡ್ಲಿ?"

"ಅದು ಓಡ್ತಾ ಇರ್ಲಿ ಬಿಡಪ್ಪ" ಎಂದೆ. ಅವನು ಚಾರ್ಜು ತೆಗೆದುಕೊಳ್ಳಲಿಲ್ಲ. ರೈಲು ಇಪ್ಪತ್ತು ನಿಮಿಷ ತಡ. ಪ್ಲಾಟ್‌ಫಾರ್ಮಿನ ಬೇಲಿಯಾಚೆ 1147 ತಿರುವು ತೆಗೆದುಕೊಂಡು ಮರೆಯಾಗುವವರೆಗೆ ನೋಡಿದೆ.

ಮನೆಯಲ್ಲಿ ಅಮ್ಮ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅಜ್ಜಿಯ ಫೋಟೊ ಪಕ್ಕ ಒಂದು ಮೊಳೆ ಹೊಡೆಸಿ ತೂಗುಹಾಕಿದಳು. ಭದ್ರಾವತಿಯ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶಿವರಾತ್ರಿ ಬಂತು. ಮರುದಿನ ಎಂದಿನಂತೆ ತಾತನ ತಿಥಿ, ಎಡೆ ಇಟ್ಟೆವು. ಊಟಕ್ಕೆ ಕೂರುವ ಮೊದಲು ಅಮ್ಮ ಇದ್ದಕ್ಕಿದ್ದಂತೆ, "ಆಯಮ್ಮಂಗೆ ಫೋನ್ ಹಾಕಿಕೊಡು" ಎಂದಳು. ಸೆಲ್ವ ಕೊಟ್ಟಿದ್ದ ನಂಬರಿಗೆ ಹಾಕಿಕೊಟ್ಟೆ. ನಮ್ಮ ಮನೆಮಾತು ತೆಲುಗು, ಅವರದು ತಮಿಳು. ಇಬ್ಬರಿಗೂ ಬರುವುದು ಕನ್ನಡ. ಅಮ್ಮ ಹೆಸರು ಹೇಳಲಿಲ್ಲ, ಯಾರು ಏನು ಎನ್ನಲಿಲ್ಲ.

"ಊಟ ಆಯ್ತಾ?" ಎಂದಳು.

ಆ ಕಡೆಯಿಂದ ಪಾರ್ವತಮ್ಮನ ದನಿ ಬಂತು: "ಇಲ್ಲ ಅಕ್ಕ. ಇವತ್ತು ನಾನು ತಿನ್ನಲ್ಲ. ಅಪ್ಪ ಇರೋತನ್ಕ ಅವರು ಉಪವಾಸ ಇದ್ರು, ಇನ್ಮೇಲೆ ನಾನಿರ್ತೀನಿ."

"ನಿಮ್ಮಪ್ಪನ ಮೇಲೆ ನಂಗೆ ಸಿಟ್ಟಿದೆ. ಅದು ಇರುತ್ತೆ" ಎಂದಳು ಅಮ್ಮ. "ಆದ್ರೆ ನಮ್ಮಪ್ಪ ಅವತ್ತು ಇಳಿದಿದ್ದು ನೀನು ನೆಟ್ಟಗೆ ಹುಟ್ಲಿ ಅಂತ. ಉಪವಾಸ ಇರ್ಲಿ ಅಂತಲ್ಲ. ಹೋಗು, ತಟ್ಟೆ ಹಾಕ್ಕೋ. ನೀನು ತಿನ್ನೋತನ್ಕ ನಾನು ಫೋನ್ ಇಡಲ್ಲ."

ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಎಲೆಯ ಮುಂದೆ ಕೂತಳು. ಆ ಕಡೆ ತಟ್ಟೆ ನೆಲಕ್ಕೆ ಇಟ್ಟ ಸದ್ದಾಯಿತು. ಅಮ್ಮ ತನ್ನ ಎಲೆಯ ಅನ್ನಕ್ಕೆ ಕೈ ಹಾಕಿ, "ಹ್ಞೂಂ, ತಿನ್ನು" ಎಂದಳು.